ರೊಟ್ಟಿ ಮಗ್ಗಿ

ತನ್ನ ದನಿ ಹಿಂದಿನ ಸಾಲಿನವರೆಗೆ ಮುಟ್ಟುವುದಿಲ್ಲ ಎಂಬ ಅಳುಕನ್ನು ಊರ ಶಾಲೆಯ ಶಿಕ್ಷಕಿ ಅಮೃತವ್ವ ಯಾರ ಮುಂದೆಯೂ ಆಡಿದವಳಲ್ಲ. ಬೆಳಿಗ್ಗೆ ಹೆರಳು ಹಾಕಿಕೊಳ್ಳುವಾಗ ಮಾತ್ರ ತನಗೆ ತಾನೇ ಒಪ್ಪಿಕೊಳ್ಳುತ್ತಿದ್ದಳು: ಧಾರವಾಡಕ್ಕೆ ಹೋಗಿ ಬಿ.ಎ. ಮಾಡಿ ಬಂದೆ, ಆದರೆ ಎರಡನೇ ಇಯತ್ತೆಯ ಹುಡುಗರ ಮುಂದೆ ನಿಂತರೆ ನಾಲಗೆ ಒಣಗುತ್ತದೆ. ಇವತ್ತಲ್ಲ ನಾಳೆ ಯಾರಿಗಾದರೂ ತಿಳಿದೇ ತಿಳಿಯುತ್ತದೆ.

ಇನ್ನೂ ತಿಳಿಯದೆ ಇದ್ದದ್ದು ಕರೆವ್ವನ ಪುಣ್ಯದಿಂದ. ಉಡಚಪ್ಪನ ಮಗಳು ಕರೆವ್ವ ಎದ್ದು ನಿಂತು "ಏಳೊಂದ್ಲೆ ಏಳು" ಎಂದಳೆಂದರೆ ಮಾಡಿನ ಗುಬ್ಬಿಗಳು ಹಾರಿಹೋಗುತ್ತಿದ್ದವು. ಆಕೆಯ ಹಿಂದೆ ಇಡೀ ಇಯತ್ತೆ ಒದರುತ್ತಿತ್ತು. ಅಮೃತವ್ವ ಕೈಯಲ್ಲೊಂದು ಕಡ್ಡಿ ಹಿಡಿದು ತಾಳ ಹಾಕುತ್ತಿದ್ದಳು, ಅಷ್ಟೆ. ಆಚೆ ಪಡಸಾಲೆಯಲ್ಲಿ ಮೂರನೆಯದು ನಾಲ್ಕನೆಯದು ಕೂಡಿಸಿ ಕಲಿಸುತ್ತಿದ್ದ ಹೆಡ್‌ಮಾಸ್ತರ ಕೊಟ್ರಪ್ಪ ಇಣುಕಿ ನೋಡಿ ನಗುತ್ತಿದ್ದರು.

"ಅಕ್ಕಾರ, ನಿಮ್ಮ ಮಾತು ಕೇಳಬೇಕಂದ್ರ ನಾವು ಗದಗಿಗೆ ಹೋಗಿ ಕಿವಿ ತೊಳಿಸ್ಕೊಂಡು ಬರಬೇಕು. ಆದ್ರ ನಿಮ್ಮ ಹುಡುಗೂರು? ಲಕ್ಷ್ಮೇಶ್ವರದ ಸಂತ್ಯಾಗ ಕುಂತವರಿಗೂ ಕೇಳಿಸ್ತಾರ ನೋಡ್ರಿ!"

ಕನ್ನಡ ನಾಡು ಒಂದಾದ ಮೇಲಿನ ಮೊದಲ ಸುಗ್ಗಿ ಅದು. ಶಾಲೆಯ ಗೋಡೆಗೆ ಹೊಸ ರಾಜ್ಯದ ನಕಾಶೆ ಇನ್ನೂ ಬಂದಿರಲಿಲ್ಲ, ಮುಂಬೈ ಇಲಾಖೆಯದೇ ತೂಗುತ್ತಿತ್ತು. ಹೊಸ ಸರಕಾರದ ಸಾಹೇಬರು ತಪಾಸಣೆಗೆ ಬರುತ್ತಾರೆಂಬ ಖಬರು ಬಂದ ದಿನವೇ ಕೊಟ್ರಪ್ಪ ಮಾಸ್ತರು ಒಂದು ಮಾತು ತೆಗೆದರು. ಕರೆವ್ವನನ್ನು ಸಾಹೇಬರ ಮುಂದೆ ನಿಲ್ಲಿಸಿ, ಅವರ ಒಪ್ಪಿಗೆ ಪಡೆದು, ಮೂರನೆಯದನ್ನು ಹಾರಿಸಿ ಸೀದಾ ನಾಲ್ಕನೆಯದಕ್ಕೆ ಹಾಕುವುದು. ನಾಲ್ಕನೆಯದರ ಪರೀಕ್ಷೆಗೆ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಈ ಊರಿನಿಂದ ಅದನ್ನು ಪಾಸಾದ ಹುಡುಗಿ ಅದುವರೆಗೆ ಒಬ್ಬಳೂ ಇರಲಿಲ್ಲ. ಉಡಚಪ್ಪ ಹಿಗ್ಗಿದ. ಹಿಗ್ಗಿನಲ್ಲೇ ಇನ್ನೊಂದು ಮಾತನ್ನೂ ಆಡಿದ: "ಪಾಸಾದ್ಲು, ಓದ್ಲಿ. ನಪಾಸಾದ್ಲು, ಅವತ್ತಿಗೆ ಶಾಲಿ ಸಾಕು. ಅವರವ್ವನ ಕೂಡ ಹೊಲಕ್ಕ ಬರ್ಲಿ."

ಆ ಸಂಜೆ ಅಮೃತವ್ವ ಕರೆವ್ವನ ಮನೆಗೆ ಹೋದಳು. ಆಕೆಯ ತಾಯಿ ಹನಮಂತವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮರುದಿನ ಜೋಳ ಕೊಯ್ಯಲು ಆಳು ಹಚ್ಚಿದ್ದರು.

"ಕುಂಡ್ರಿ ಅಕ್ಕಾರ. ಏ ಕರೆವ್ವ, ಏಳು ಮಂದಿ ಆಳು, ಒಬ್ಬೊಬ್ರಿಗೆ ಮೂರು ರೊಟ್ಟಿ. ಎಷ್ಟು ಬಡೀಲಿ, ಹೇಳ ನೋಡೂಣು?"

ಕರೆವ್ವ ಬುಟ್ಟಿಯೊಳಗಿನ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ, "ಇದು ಸಕ್ರಪ್ಪಗ, ಇದೂ ಸಕ್ರಪ್ಪಗ..." ಎಂದು ಒಬ್ಬೊಬ್ಬ ಆಳಿನ ಹೆಸರು ಹೇಳುತ್ತ ಹರವತೊಡಗಿದಳು.

"ಏಳರ ಮಗ್ಗಿ ಬರ್ತೈತಲ್ಲವ ನಿನಗ?" ಎಂದಳು ಅಮೃತವ್ವ.

"ಬರ್ತೈತ್ರಿ. ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು, ಏಳ್ಮೂರ್ಲೆ ಇಪ್ಪತ್ತೊಂದು..."

"ಹಂಗಾರ ರೊಟ್ಟಿ ಎಷ್ಟು?"

ಹುಡುಗಿ ಅಕ್ಕಾರನ್ನೇ ಪಿಳಿಪಿಳಿ ನೋಡಿದಳು. "ರೊಟ್ಟಿ ಮಗ್ಗಿ ನೀವು ಹೇಳಿಕೊಟ್ಟಿಲ್ಲಲ್ರಿ."

ಹನಮಂತವ್ವ ಬಿದ್ದು ಬಿದ್ದು ನಕ್ಕಳು. "ರೊಟ್ಟಿ ಮಗ್ಗೆಂತ! ಮಗ್ಗಿ ತಿಂದು ಮಲಗಂತ ಹೇಳ್ತೀನಿ ಆಳಿಗೆ!" ಕರೆವ್ವನೂ ನಕ್ಕಳು. ಅಮೃತವ್ವನಿಗೆ ನಗು ಬರಲಿಲ್ಲ. ತನ್ನ ಗಂಟಲಿನ ಕೆಲಸವನ್ನು ಈ ಮಗುವಿನಿಂದ ಮಾಡಿಸಿಕೊಂಡದ್ದಾಯಿತು. ಅದರ ತಲೆಯೊಳಗೆ ಏನು ಹೋಯಿತು, ಏನು ಹೋಗಲಿಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮರುದಿನದಿಂದ ಮಧ್ಯಾಹ್ನದ ಸೂಟಿಯಲ್ಲಿ ಬೇವಿನ ಮರದ ಕೆಳಗೆ ಇಬ್ಬರೂ ಕೂತರು. ನಡುವೆ ಒಂದು ಬೊಗಸೆ ಹುಣಸೆ ಬೀಜ. ಏಳರಂತೆ ಮೂರು ಸಾಲು, ಐದರಂತೆ ನಾಲ್ಕು ಸಾಲು. ಅಲ್ಲಿ ಒದರುವ ಅಗತ್ಯವೇ ಇರಲಿಲ್ಲ. ಮೆಲ್ಲಗೆ ಕೇಳಿದರೆ ಹುಡುಗಿ ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ಎಷ್ಟೋ ಸಲ ತಪ್ಪಿದಳು, ತಪ್ಪಿದಾಗ ಬೀಜ ಕೆಡಿಸಿ ಮತ್ತೆ ಇಟ್ಟಳು. ಒಂದು ದಿನ ಇಟ್ಟ ಸಾಲುಗಳನ್ನು ಆ ಬದಿಯಿಂದ ಬಂದು ನೋಡಿ, ಹುಬ್ಬು ಗಂಟಿಕ್ಕಿ ಕೇಳಿದಳು:

"ಅಕ್ಕಾರ, ಇಲ್ಲಿಂದ ನೋಡಿದ್ರ ಮೂರರಂಗ ಏಳು ಸಾಲು ಅದಾವಲ್ರಿ! ಬೀಜ ಅವ ಅಲ್ಲೇನ್ರಿ?"

ಹೇಳಿಕೊಡದೆ ಇದ್ದುದನ್ನು ಆಕೆ ತಾನೇ ಕಂಡುಕೊಂಡ ಮೊದಲ ಸಲ ಅದು. ಅಮೃತವ್ವನ ಕಣ್ಣು ತುಂಬಿದವು. ಬೀಜ ಬಳಿದು ಉಡಿಗೆ ತುಂಬಿಕೊಳ್ಳುತ್ತ ಕರೆವ್ವ ಮತ್ತೆ ಕೇಳಿದಳು: "ನಾಕನೇತ್ತಕ್ಕ ಹೋದ್ರ ಮಾಸ್ತರು ಹಿಂಗ ಬೀಜ ಇಡಾಕ ಬಿಡ್ತಾರೇನ್ರಿ?"

ಅಲ್ಲಿ ಭಿನ್ನರಾಶಿ ನಡೆದಿತ್ತು. ಬೀಜ ಇಡಲು ಮಾಸ್ತರು ಬಿಡುವುದಿಲ್ಲ ಎಂದು ಅಮೃತವ್ವನಿಗೆ ಗೊತ್ತಿತ್ತು. ಹುಡುಗಿಯನ್ನು ಹಾರಿಸುವುದು ಬೇಡ ಎಂದು ಹೇಳಲು ಅಂದು ಸಂಜೆಯೇ ಮಾಸ್ತರ ಮನೆಗೆ ಹೋದಳು. ಅವರ ಹೆಂಡತಿ ಸಾವಿತ್ರೆವ್ವ ಅವಲಕ್ಕಿ ಕೊಟ್ಟರು. "ನಮ್ಮ ಶಾಲಿಯಿಂದ ಒಂದು ಹೆಣ್ಣುಹುಡುಗಿ ಲಕ್ಷ್ಮೇಶ್ವರಕ್ಕ ಹೋಗಿ ಪಾಸಾದ್ರ ನಾ ಹಗರಾಗಿ ಪೆನ್ಷನ್ ತಗೋತೀನ್ರಿ" ಎಂದರು ಮಾಸ್ತರು. ಅವರ ಮುಖ ನೋಡಿ ಅಮೃತವ್ವ ಅವಲಕ್ಕಿ ತಿಂದು, ಬರುತ್ತೇನೆ ಎಂದು ಎದ್ದು ಬಂದಳು.

ತಪಾಸಣೆಯ ದಿನ ಸಾಹೇಬರು ಚಕ್ಕಡಿಯಿಂದ ಇಳಿದು, ಧೂಳು ಕೊಡವಿಕೊಂಡು ಒಳಗೆ ಬಂದರು. ಬಾಗಿಲ ಬಳಿ ಉಡಚಪ್ಪ ತಲೆಗೆ ಹೊಸ ಪಟಗ ಸುತ್ತಿ ನಿಂತಿದ್ದ. ಕರೆವ್ವ ಏಳರದು, ಒಂಬತ್ತರದು, ಹದಿಮೂರರದು, ಉಸಿರು ಬಿಡದೆ ಒಪ್ಪಿಸಿದಳು.

"ಭೇಷ್!" ಎಂದರು ಸಾಹೇಬರು.

"ಈಕಿನ್ನ ನಾಕನೇತ್ತಕ್ಕ ಹಾಕಬೇಕಂತ ಮಾಡೇವ್ರಿ. ನಿಮ್ಮದೊಂದು ಮಾತು ಬೇಕು" ಎಂದರು ಕೊಟ್ರಪ್ಪ ಮಾಸ್ತರು ಕೈ ಜೋಡಿಸಿ.

"ಹಾಕ್ರಿ, ಇಂಥಾಕಿಗೆ ಇನ್ನೇನು ನೋಡೂದು? ಏನ್ರಿ ಅಕ್ಕಾರ, ಕಲಿಸಿದಾಕಿ ನೀವು, ಹೂಂ ಅನ್ರಲ್ಲ."

ಹೂಂ ಎನ್ನುವುದು ಸುಲಭವಿತ್ತು. ತಲೆ ಆಡಿಸಿದ್ದರೂ ಸಾಕಿತ್ತು. ಅಮೃತವ್ವ ಉಡಚಪ್ಪನ ಕಡೆ ನೋಡಿದಳು, ಮಾಸ್ತರ ಕಡೆ ನೋಡಿದಳು. ಕರೆವ್ವ ಇವಳನ್ನೇ ನೋಡುತ್ತಿದ್ದಳು, ಹುಬ್ಬು ಗಂಟಿಕ್ಕಿ, ಲೆಕ್ಕ ಹಾಕುವವಳ ಹಾಗೆ. ಅಮೃತವ್ವ ಕುರ್ಚಿ ಬಿಟ್ಟು ಎದ್ದು, ಹಿಂದಿನ ಸಾಲಿಗೂ ಮುಟ್ಟುವ ಹಾಗೆ ಹೇಳಿದಳು:

"ಬ್ಯಾಡ್ರಿ ಸಾಹೇಬರ. ಆಕಿಗೆ ಮಗ್ಗಿ ಬಾಯಾಗ ಐತಿ, ಲೆಕ್ಕ ಈಗಷ್ಟ ತಿಳ್ಯಾಕ ಹತ್ತೈತಿ. ಮೂರನೇದು ಓದೇ ಮುಂದ ಹೋಗ್ಲಿ."