ಏಳನೇ ಮೆಟ್ಟಿಲು

ಸಾಸಿವೆ ಕಾಳಿನಿಂದ ಬಾಗಿಲ ಹಿಡಿ ಮಾಡಬಲ್ಲವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಇನ್ನೊಬ್ಬನಿದ್ದನಂತೆ, ಒಮ್ಮೆ ಸೀನಿದ, ಬಾಗಿಲ ಸಮೇತ ಮನೆಯೇ ಹಾರಿಹೋಯಿತು.

ರಸ್ತೆ ಅಗಲ ಮಾಡಲು ಕೆಡವಿದ ಹಳೆಯ ವಾಚನಾಲಯದ ಮಾದರಿಯನ್ನು ಪುರಭವನಕ್ಕೆ ಮಾಡಿಕೊಡುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಅಸಲಿನ ಐವತ್ತನೇ ಒಂದು ಪಾಲು. ರಟ್ಟಿನ ಗೋಡೆ, ಬೆಂಕಿಕಡ್ಡಿಯ ಕಿಟಕಿ, ಫ್ಯೂಸ್ ತಂತಿಯ ಕಂಬಿಗಳು. ನಲವತ್ತು ದಿನ ಉಸಿರು ಬಿಗಿಹಿಡಿದು ಕೂತೆ. ಇರುವೆಯೊಂದು ನಿಜವಾದ ವಾಚನಾಲಯವೆಂದೇ ನಂಬಿ ಒಳಹೊಕ್ಕು, ಎರಡು ದಿನ ಸದ್ದು ಮಾಡದೆ ಕೂತಿತ್ತು.

ಆ ಕಟ್ಟಡದ ಹೊರಮೆಟ್ಟಿಲು ಕಟ್ಟಿದವರು ನನ್ನ ಮಾವ, ಗಾರೆ ಮೇಸ್ತ್ರಿ. ಊರಲ್ಲಿ ಅರ್ಧ ಕಟ್ಟಡ ಅವರ ಕೈಯದೇ, ಒಂದರ ಮೇಲೂ ಅವರ ಹೆಸರಿಲ್ಲ. ಮಾದರಿಯ ಕೆಳಗಿನ ಫಲಕದಲ್ಲಿ ಅಪ್ಪನ ಹೆಸರು ಬರಲೇಬೇಕೆಂದು ನನ್ನ ಹೆಂಡತಿಯ ಹಟ. ಮಾವನದು ಅದಕ್ಕಿಂತ ದೊಡ್ಡ ಹಟ.

"ಮೊದ್ಲು ನಾನು ಮುಟ್ಟಿ ನೋಡ್ತೀನಿ ಅಳಿಯಂದ್ರೇ. ನನ್ನ ಮೆಟ್ಟಿಲಾಗಿದ್ರೆ ಹೆಸರು ಹಾಕ್ಸಿ. ಆಟದ ಸಾಮಾನಾಗಿದ್ರೆ ನನ್ನ ಹೆಸರು ಬೇಡ."

ಅವರಿಗೆ ಕಣ್ಣು ಮಂಜು. ಆದರೆ ಬೆರಳುಗಳಿವೆಯಲ್ಲ, ಗೋಡೆಯ ಆಚೆ ಕೂತವರ ನಾಡಿಯನ್ನೂ ಎಣಿಸಿಬಿಡುತ್ತವೆ.

ಅವರು ಬರುವ ಬೆಳಿಗ್ಗೆ ಹೆಂಡತಿ ಮಾದರಿಯ ಮೆಟ್ಟಿಲುಗಳನ್ನು ಬಗ್ಗಿ ನೋಡಿದಳು.

"ರೀ, ಕೆಳಗಿಂದ ಏಳನೇದು ದಪ್ಪ ಆಗಿಲ್ವಾ?"

"ನನ್ನ ಕೈಯಲ್ಲಿ ದಪ್ಪ ಆಗೋದು ನನ್ನ ಹೊಟ್ಟೆ ಮಾತ್ರ."

"ಅಳೆದು ನೋಡಿ ಮತ್ತೆ."

ಅಳೆದೆ. ಮಿಕ್ಕ ಮೆಟ್ಟಿಲುಗಳು ಮೂರು ಮಿಲಿಮೀಟರ್ ಎತ್ತರ; ಏಳನೆಯದು ಒಂದು ತೆಳು ಕಾಗದದಷ್ಟು ಹೆಚ್ಚು. ಉಪ್ಪುಕಾಗದ ತೆಗೆದು ಉಜ್ಜಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಮಾವನ ಕೋಲಿನ ಸದ್ದು.

"ಕೈಯಲ್ಲೇನು, ಅಳಿಯಂದ್ರೇ? ಪರಪರ ಅಂತಿದೆ?"

"ಕರ್ಚೀಫು, ಮಾವ."

"ಒಗೆಸ್ರಪ್ಪಾ ಅದನ್ನ."

ಅವರು ಕುಳಿತು, ತೋರುಬೆರಳನ್ನು ಮೊದಲ ಮೆಟ್ಟಿಲ ಮೇಲಿಟ್ಟರು. ಎರಡು. ಮೂರು. ಹೆಂಡತಿ ನನ್ನ ತೋಳು ಹಿಡಿದಳು. ಉಗುರು ಮೂಳೆಯ ತನಕ ಇಳಿಯಿತು. ಆರು. ಏಳು. ಬೆರಳು ನಿಂತಿತು. ಕೆಳಗಿಳಿದು ಮತ್ತೆ ಹತ್ತಿತು. ಮತ್ತೆ ನಿಂತಿತು.

"ಇದನ್ನ ಯಾರು ಹೇಳಿದ್ರು ನಿಮ್ಗೆ?"

ನನ್ನ ನಾಲಗೆ ಮೊದಲ ಸಲ ರಜೆ ಹಾಕಿತು.

"ಏಳನೇದಕ್ಕೆ ಗಾರೆ ಹಾಕ್ತಿದ್ದೆ. ಹೆಣ್ಣುಮಗು ಹುಟ್ತು ಅಂತ ಯಾರೋ ಓಡಿ ಬಂದ್ರು. ಖುಷೀಲಿ ಒಂದು ಕರಣೆ ಗಾರೆ ಜಾಸ್ತಿ ಸುರಿದ್ಬಿಟ್ಟೆ ನೋಡಿ. ಆಮೇಲೆ ಊರೆಲ್ಲ ಅಲ್ಲಿ ಎಡವೋದು, ನಾನು ಬಾಯೇ ಬಿಡ್ಲಿಲ್ಲ." ಮಗಳ ಕಡೆ ತಿರುಗಿದರು. "ನಿನ್ನಿಂದಾನೇ ಕಣೇ."

"ಅಪ್ಪಾ! ಎಷ್ಟು ಜನರ ಕಾಲ್ಬೆರಳು ಜಜ್ಜಿಸಿದ್ದೀನಿ ನಾನು!" ಎಂದು ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಮಾದರಿ ಮಾಡಲು ವಾಚನಾಲಯದ ಹಳೆಯ ಫೋಟೋದ ಮೇಲೆ ತೆಳು ಹಾಳೆ ಇಟ್ಟು ನಾನು ಎಳೆದಿದ್ದ ಗೆರೆಗಳನ್ನು ಆಗ ತೆಗೆದು ನೋಡಿದೆ. ಅಲ್ಲೂ ಏಳನೆಯದು ಎತ್ತರ. ಪೆನ್ಸಿಲ್ಲು ಕಂಡದ್ದನ್ನು ಕಂಡಂತೆಯೇ ಬರೆದಿತ್ತು. ಅದನ್ನು ನಂಬದೆ ಉಜ್ಜಲು ಹೊರಟವನು ನಾನು. ಎದೆಯ ಮೇಲಿಂದ ಒಂದು ಲಾರಿ ಇಟ್ಟಿಗೆ ಇಳಿಸಿದಂತಾಯಿತು. ಉಸಿರು ಬಿಟ್ಟೆ ನೋಡಿ, ಎದುರು ಮನೆಯ ತಂತಿಯ ಮೇಲಿನ ಬಟ್ಟೆಯೆಲ್ಲ ಒಣಗಿತು.

"ನನ್ನ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ ಮಾವ," ಎಂದೆ, ನಾಲಗೆ ರಜೆಯಿಂದ ವಾಪಸಾಗಿ.

ಹೆಂಡತಿ ನನ್ನ ಕಾಲು ತುಳಿದಳು.

ಮಾವನಿಗೆ ನನ್ನ ಮಾತು ಕೇಳಿಸಲೇ ಇಲ್ಲ. ಎಂಟನೆಯದನ್ನೂ ಒಂಬತ್ತನೆಯದನ್ನೂ ಸವರಿ, ಬಾಗಿಲ ಹೊಸ್ತಿಲು ಮುಟ್ಟಿ, ಬೆರಳನ್ನು ಮಾದರಿಯ ಕೆಳಗಿನ ಖಾಲಿ ಫಲಕಕ್ಕೆ ತಂದರು.

"ಹೆಸರು ಇಲ್ಲೇನಾ?"

"ಇಲ್ಲೇ."

"ಬಣ್ಣದಲ್ಲಿ ಬರೀಬೇಡಿ. ಅಕ್ಷರ ಉಬ್ಬಿರ್ಲಿ. ನನಗೂ ಓದೋಕೆ ಆಗ್ಬೇಕಲ್ಲ."