ಎದೆಯ ಮೇಲಿನ ಕಿವಿ

ನಾನು ಎಕೋ ಯಂತ್ರದ ಒಂದು ಪ್ರೋಬ್. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಹಿಂದೆ ಉದ್ದನೆಯ ಕಪ್ಪು ತಂತಿ. ರೋಗಿಯ ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿ ವೈದ್ಯರು ನನ್ನನ್ನು ಒತ್ತಿ ಹಿಡಿಯುತ್ತಾರೆ. ಆಗ ಮನುಷ್ಯರ ಕಿವಿಗೆ ಕೇಳಿಸದ ಒಂದು ಕೂಗನ್ನು ನಾನು ಒಳಗೆ ಕಳಿಸುತ್ತೇನೆ. ಅದು ಹೃದಯಕ್ಕೆ ಬಡಿದು ಮರಳುತ್ತದೆ. ಮರಳಿದ್ದನ್ನು ಯಂತ್ರವು ಪರದೆಯ ಮೇಲೆ ಚಿತ್ರವಾಗಿ ತೋರಿಸುತ್ತದೆ. ಕೂಗುವುದು, ಮರುದನಿಗೆ ಕಾಯುವುದು. ಭಗವಂತ ನನಗೆ ಕೊಟ್ಟ ಕೆಲಸ ಇಷ್ಟೇ.

ನನ್ನ ಹುಟ್ಟು ಮೃದುವಾದದ್ದಲ್ಲ. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ಹರಳಿನ ಬಿಲ್ಲೆಯನ್ನು ಕುಲುಮೆಯಲ್ಲಿ ಬೇಯಿಸಿ, ವಜ್ರದ ಅಂಚಿನ ಗರಗಸದಿಂದ ಎಳೆಎಳೆಯಾಗಿ ಸೀಳಿದರು. ಆ ಎಳೆಗಳಿಗೆ ವಿದ್ಯುತ್ತಿನ ಹೊಡೆತ ಕೊಟ್ಟರು. ಹೊಡೆತ ತಿಂದ ಮೇಲೆಯೇ ನನಗೆ ಕೂಗಲು ಬಂದದ್ದು.

ಹಡಗಿನಲ್ಲಿ ಬಂದು, ಲಾರಿಯಲ್ಲಿ ಕುಲುಕಾಡಿ, ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಹೃದಯ ವಿಭಾಗ ಸೇರಿದೆ. ಅಲ್ಲಿ ಮಬ್ಬು ಬೆಳಕು, ತಂಪು ಗಾಳಿ. ರೋಗಿಗಳು ಎಡಮಗ್ಗುಲಾಗಿ ಸುಮ್ಮನೆ ಮಲಗುತ್ತಿದ್ದರು. ನನಗಿಂತ ಹೊಸ ಪ್ರೋಬ್ ಬಂದ ದಿನ ಆ ಸುಖ ಮುಗಿಯಿತು. ಹಳೆಯ ಯಂತ್ರದೊಡನೆ ನನ್ನನ್ನು ಐಸಿಯುಗೆ ತಳ್ಳಿದರು.

ಐಸಿಯುನಲ್ಲಿ ಬದುಕಿಸುವುದೂ ಬಡಿದಾಟವೇ. ನಿಂತ ಹೃದಯವನ್ನು ನಡೆಸಲು ವೈದ್ಯರು ಮೈಭಾರವೆಲ್ಲ ಹಾಕಿ ಎದೆಯನ್ನು ಒತ್ತುವರು. ಪಕ್ಕೆಲುಬು ಲಟಲಟನೆ ಮುರಿಯುವುದು. ವಿದ್ಯುತ್ತಿನ ಏಟಿಗೆ ಹೆಣದಂಥ ದೇಹ ಮಂಚದಿಂದ ಮೇಲೆದ್ದು ಬೀಳುವುದು. ಒತ್ತುವ ಕೈ ನಿಂತ ಅರೆಗಳಿಗೆಯಲ್ಲಿ ನನ್ನನ್ನು ಎದೆಗೆ ಚುಚ್ಚಿ, "ಅಲುಗಾಡ್ತದೇನು ನೋಡ್ರಿ!" ಎಂದು ಕೂಗುವರು. ನಾನು ಕೂಗಿ ಕಾಯುತ್ತಿದ್ದೆ. ಕೆಲವೊಮ್ಮೆ ಹೃದಯ ಅಲುಗುತ್ತಿತ್ತು. ಹೆಚ್ಚು ಸಲ ಇಲ್ಲ.

ಅಲ್ಲಿಯ ಹಿರಿಯ ವೈದ್ಯರು ಶಾಂತವೀರ ಕಲ್ಮಠರು. ಹಣೆಯಲ್ಲಿ ವಿಭೂತಿ, ದಪ್ಪ ಕನ್ನಡಕ. ನನ್ನನ್ನು ಎತ್ತಿಕೊಳ್ಳುವ ಮೊದಲು ತುಟಿಯಲ್ಲೇ "ಶಿವಾ" ಎನ್ನುವರು. ಹೃದಯತಜ್ಞರು ಬರುವವರೆಗೆ ಕಾದು ಎಷ್ಟೋ ಜನ ಸತ್ತದ್ದನ್ನು ಕಂಡು, ಐಸಿಯು ವೈದ್ಯರಿಗೇ ಎಕೋ ಕಲಿಸಲು ಹೊರಟವರು ಅವರು. ಶಿಷ್ಯರು ಸರದಿಯಂತೆ ಅಂಗಿ ಬಿಚ್ಚಿ ಮಲಗಿ ಒಬ್ಬರ ಎದೆಯ ಮೇಲೆ ಒಬ್ಬರು ಕಲಿತರು. ಕೊನೆಗೆ ನಿಜವಾದ ರೋಗಿಯ ಮೇಲೆ ಪರೀಕ್ಷೆ. ಅದರಲ್ಲಿ ಗೆದ್ದವರಿಗೆ ಮಾತ್ರ ಮಾನ್ಯತಾ ಪತ್ರ. ಪತ್ರವಿಲ್ಲದವರ ಮಾತನ್ನು ನಂಬಿ ಯಾರೂ ಕತ್ತಿ ಹಿಡಿಯಬಾರದು ಎಂಬುದು ಅವರ ಕಟ್ಟುನಿಟ್ಟು.

ಶಿಷ್ಯರಲ್ಲಿ ಡಾಕ್ಟರ್ ನೀಲಗಂಗಾ ಬೆಟಗೇರಿಯ ಕೈ ಬಲು ಭಾರ. ಅವಳ ಹಿಡಿತಕ್ಕೆ ಮಲಗಿದವರು ಮುಖ ಕಿವುಚುತ್ತಿದ್ದರು.

"ಸಾವಕಾಶ ಯವ್ವಾ," ಎನ್ನುವರು ಕಲ್ಮಠರು. "ಇದು ರೊಟ್ಟಿ ಹಿಟ್ಟಲ್ಲ, ಎದಿ."

ಅವಳು ಪರೀಕ್ಷೆಯಲ್ಲಿ ಸೋತಳು. ಪರದೆಯ ಮೇಲೆ ಹೃದಯದ ಹಿಂದೆ ಕಪ್ಪು ಪಟ್ಟಿ ಕಂಡಿತ್ತು. ಕಪ್ಪು ಎಂದರೆ ನೀರು ಅಥವಾ ರಕ್ತ. ಅದು ಹೃದಯವನ್ನು ಸುತ್ತಿದ ಚೀಲದಲ್ಲಿದೆ ಎಂದು ಅವಳು ಥಟ್ಟನೆ ಹೇಳಿಬಿಟ್ಟಳು. ಅದು ಇದ್ದದ್ದು ಎಡ ಶ್ವಾಸಕೋಶದ ಸುತ್ತ.

"ಮೊದಲ ಅಯೋರ್ಟಾ ಹುಡುಕು, ಆಮ್ಯಾಲೆ ನೀರಿನ ಹೆಸರು ಹೇಳು," ಎಂದರು ಕಲ್ಮಠರು. ಅಯೋರ್ಟಾ ಎಂದರೆ ಹೃದಯದ ಹಿಂದೆ, ಬೆನ್ನೆಲುಬಿಗೆ ತಗುಲಿ ಇಳಿಯುವ ದೊಡ್ಡ ರಕ್ತನಾಳ. ಕಪ್ಪು ಪಟ್ಟಿ ಅದರ ಮುಂದಿದ್ದರೆ ಹೃದಯದ ಚೀಲದ್ದು, ಹಿಂದಿದ್ದರೆ ಶ್ವಾಸಕೋಶದ್ದು. "ನಿನ್ನ ಮಾತು ಕೇಳಿ ಸರ್ಜನ್ ಎದಿ ಸೀಳ್ತಾನ. ಅಲ್ಲಿ ರಕ್ತ ಇರಲಿಲ್ಲಂದ್ರ? ಪತ್ರಕ್ಕ ಸಹಿ ಮಾಡಂಗಿಲ್ಲ. ಮುಂದಿನ ಸಲ ನೋಡೋಣು."

ಅವಳು ಅಳಲಿಲ್ಲ. ನನ್ನನ್ನು ಒರೆಸಿ ಗೂಟಕ್ಕೆ ಸಿಕ್ಕಿಸಿದಳು.

ಆ ಮುಂದಿನ ಸಲ ಬಂದದ್ದು ಒಂದು ಮಟಮಟ ಮಧ್ಯಾಹ್ನ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸುವ ಹಮಾಲರ ಎರಡು ಗುಂಪುಗಳ ನಡುವೆ ಹೊಡೆದಾಟವಾಗಿತ್ತು. ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ದ್ಯಾಮಣ್ಣನೆಂಬ ಹಮಾಲನ ಎಡ ಎದೆಗೆ ನಾಟಿತ್ತು. ಯಾರೋ ಅದನ್ನು ಕಿತ್ತೂ ಬಿಟ್ಟಿದ್ದರು. ಅವನನ್ನು ತಂದಾಗ ಮೈ ಬೂದಿಬಣ್ಣ, ಕೊರಳಿನ ನರಗಳು ಹಗ್ಗದಂತೆ ಉಬ್ಬಿದ್ದವು. ಅವನ ಮೈಯ ಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮಿದರು.

ಕಲ್ಮಠರು ಪಕ್ಕದಲ್ಲಿ ನಿಂತು ನನ್ನನ್ನು ನೀಲಗಂಗಾಳ ಕೈಗೆ ಕೊಟ್ಟರು. ಅವಳು ಎದೆಗೆ ಒತ್ತಿ ಪರದೆಯತ್ತ ತಿರುಗಿದಳು. ಅಷ್ಟರಲ್ಲಿ ಬಾಗಿಲ ಗಾಜು ಒಡೆಯಿತು. ದ್ಯಾಮಣ್ಣನ ಅಣ್ಣ ಫಕೀರಪ್ಪ ಹತ್ತಾರು ಜನರೊಡನೆ ಒಳನುಗ್ಗಿದ. ಅವನ ಕಣ್ಣಿಗೆ ಕಂಡದ್ದು ಇಷ್ಟು: ತಮ್ಮ ಸಾಯುತ್ತಿದ್ದಾನೆ, ಇಬ್ಬರು ಡಾಕ್ಟರುಗಳು ಅವನತ್ತ ಬೆನ್ನು ತಿರುಗಿಸಿ ಪರದೆ ನೋಡುತ್ತಿದ್ದಾರೆ.

"ನನ್ ತಮ್ಮ ಸಾಯಾಕತ್ತಾನ, ಟಿವಿ ನೋಡ್ಕೋತ ನಿಂತೀರೇನಲೇ!"

ಅವನು ನನ್ನ ತಂತಿ ಹಿಡಿದು ಎಳೆದು ನೆಲಕ್ಕೆ ಅಪ್ಪಳಿಸಿದ. ನನ್ನೊಳಗಿನ ಹರಳುಗಳು ಬಿರಿದವು.

"ತಡೀಯಪ್ಪಾ, ಅದ ಅವನ್ನ ಉಳಸೋದು," ಎನ್ನುತ್ತ ಕಲ್ಮಠರು ಕೈ ಚಾಚಿ ಅಡ್ಡ ಬಂದರು. ಫಕೀರಪ್ಪ ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬವನ್ನು ಕಿತ್ತು ಬೀಸಿದ. ಏಟು ಕಿವಿಯ ಮೇಲೆ ಬಿತ್ತು. ಕನ್ನಡಕ ಹಾರಿತು. ಅವರು ಮಂಚದ ಕಾಲಿಗೆ ತಲೆ ಬಡಿದು ನನ್ನ ಪಕ್ಕದಲ್ಲೇ ಬಿದ್ದರು. ವಿಭೂತಿಯ ಮೇಲೆ ರಕ್ತ ಇಳಿಯಿತು.

ಕಾವಲಿನವರು ಗುಂಪನ್ನು ಲಾಠಿಯಿಂದ ಹೊಡೆದು ಹೊರಗೆ ಎಳೆದರು. ದಾದಿಯೊಬ್ಬಳು ಹತ್ತಿಬಟ್ಟೆಯಿಂದ ಕಲ್ಮಠರ ತಲೆ ಒತ್ತಿ ಹಿಡಿದಳು. ನೀಲಗಂಗಾ ಅತ್ತ ಬಾಗಿದಳು. ಅವರು ಕೈ ಆಡಿಸಿ ಮಂಚವನ್ನು ತೋರಿಸಿದರು. ಅವಳು ನನ್ನನ್ನು ಎತ್ತಿಕೊಂಡಳು.

ನಾನು ಕೂಗಿದೆ. ನನ್ನ ದನಿ ಒಡೆದಿತ್ತು. ಚಿತ್ರದ ನಡುವೆ ಉದ್ದಕ್ಕೂ ಒಂದು ಕರಿ ಗೆರೆ. ಆದರೂ ಹೃದಯ ಕಂಡಿತು, ಅದರ ಹಿಂದೆ ಕಪ್ಪು ಪಟ್ಟಿಯೂ ಕಂಡಿತು. ಅವಳು ಸೋತ ದಿನ ಕಂಡಂಥದೇ ಪಟ್ಟಿ.

ಸರ್ಜನ್ ವಾದಿರಾಜ ಇನಾಮದಾರರು ಕೈಗವಸು ತೊಟ್ಟು ಓಡಿಬಂದರು. "ರಕ್ತ ಎಲ್ಲಿ ಅದ? ಹೃದಯದ ಸುತ್ತ ಇದ್ರ ಎದಿ ಸೀಳಬೇಕು. ಶ್ವಾಸಕೋಶದ್ದಾದ್ರ ಬರೇ ಕೊಳವಿ ಹಾಕಿ ರಕ್ತ ಬಸಿದ್ರ ಸಾಕು. ಲಗೂ ಹೇಳ್ರಿ."

"ಹೃದಯದ ಸುತ್ತ ಅನ್ನಸ್ತದರಿ."

"ಅನ್ನಸೋದು ಬ್ಯಾಡ. ನಿಮಗ ಸಹಿ ಆಗೇದೇನು?"

ಅವಳು ಇನ್ನೊಂದು ಕೈಯನ್ನು ರೋಗಿಯ ಕೊರಳಿಗೆ ಒತ್ತಿದಳು. ದ್ಯಾಮಣ್ಣನ ನಾಡಿ ಬೆರಳಿಗೆ ಸಿಗದಾಗಿತ್ತು. ಆಗ ನೆಲದಿಂದ ತೊದಲು ದನಿಯೊಂದು ಬಂತು.

"ನೀಲಾ... ಅಯೋರ್ಟಾ ಎಲ್ಲೈತಿ?"

ಅವಳ ಕೈ ಹಗುರಾಯಿತು. ಎಂದೂ ಅಷ್ಟು ಹಗುರಾಗಿ ಅವಳು ನನ್ನನ್ನು ಹಿಡಿದಿರಲಿಲ್ಲ. ಕರಿ ಗೆರೆಯನ್ನು ಪಕ್ಕಕ್ಕೆ ಸರಿಸುವಂತೆ ನನ್ನನ್ನು ತುಸು ವಾಲಿಸಿದಳು. ಬೆನ್ನೆಲುಬಿನ ಬಳಿ ದುಂಡನೆಯ ಅಯೋರ್ಟಾ ಮಿಡಿಯುತ್ತಿತ್ತು.

"ಸಿಕ್ತು ಸರ್. ರಕ್ತ ಅದರ ಮುಂದ ಐತಿ. ಹೃದಯದ ಬಲಗಡೆ ಕೋಣೆ ಒಳಗ ಕುಸೀಲಿಕತ್ತೈತಿ."

"ಹಂಗಾರ... ಸೀಳ್ರಿ, ವಾದಿರಾಜ."

ಸೀಳಿದರು. ಪಕ್ಕೆಲುಬುಗಳನ್ನು ಕಬ್ಬಿಣದ ಇಕ್ಕಳದಿಂದ ಅಗಲಿಸಿದರು; ಒಂದು ಮುರಿಯಿತು. ಹೃದಯದ ಚೀಲ ಕೊಯ್ದೊಡನೆ ರಕ್ತ ಚಿಮ್ಮಿ ಇನಾಮದಾರರ ಗದ್ದಕ್ಕೂ ನೀಲಗಂಗಾಳ ಕೊರಳಿಗೂ ನನಗೂ ಬಡಿಯಿತು. ಕೊಕ್ಕೆ ಮಾಡಿದ ತೂತನ್ನು ಇನಾಮದಾರರು ಬೆರಳಿಟ್ಟು ಮುಚ್ಚಿ ಹೊಲಿದರು. ಉಸಿರುಗಟ್ಟಿದ್ದ ಹೃದಯ ಒದ್ದುಕೊಂಡು ಎದ್ದಿತು.

ನೀಲಗಂಗಾ ತಿರುಗಿ ನೋಡಿದಾಗ ಕಲ್ಮಠರು ಮಾತು ನಿಲ್ಲಿಸಿದ್ದರು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಅವರನ್ನು ಪಕ್ಕದ ಮಂಚಕ್ಕೆ ಎತ್ತಿಹಾಕಿದರು. ಸಂಜೆಗೆ ಅವರ ಹೃದಯ ನಿಂತಿತು. ತನಗೆ ಕಲಿಸಿದವರ ಎದೆಯ ಮೇಲೆ ಅವಳು ಮೈಭಾರವೆಲ್ಲ ಹಾಕಿ ಒತ್ತಿದಳು. ಪಕ್ಕೆಲುಬುಗಳು ಮುರಿದವು. ಮತ್ತೆ ಮತ್ತೆ ನನ್ನನ್ನು ಇಟ್ಟಳು. ಒಡೆದ ದನಿಯಲ್ಲೇ ನಾನು ಕೂಗಿದೆ. ಆ ಹೃದಯವನ್ನು ನಾನು ಬಲ್ಲೆ. ಮೊದಲ ಪಾಠದ ದಿನ ಶಿಷ್ಯರ ಮುಂದೆ ಅಂಗಿ ಬಿಚ್ಚಿ ಮಲಗಿದ್ದವರು ಅವರೇ. ನಾಲ್ಕು ಕೋಣೆಗಳೂ ಅಲುಗದೆ ನಿಂತಿದ್ದವು. ಮಕ್ಕಳು ಶಾಲೆಗೆ ಹೋಗಿ ಸಂಜೆ ಮರಳುವ ಮನೆಯಲ್ಲ ಆ ಹೃದಯ. ಮಕ್ಕಳೇ ಇಲ್ಲವಾದ ಮನೆ. ಶಿವನೇ, ಆ ಎದೆಯೊಳಗೆ ಕೂಗಲು ನನ್ನನ್ನೇ ಏಕೆ ಇಟ್ಟೆ?

ಕೆಲವು ತಿಂಗಳ ಬಳಿಕ ನೀಲಗಂಗಾ ಮತ್ತೆ ಪರೀಕ್ಷೆಗೆ ಕುಳಿತಳು. ಬೇರೆ ಊರಿನಿಂದ ಬಂದ ಪರೀಕ್ಷಕರು ಅವಳು ಮಾಡಿದ ಎಕೋಗಳನ್ನು ನೋಡುತ್ತ, ಕರಿ ಗೆರೆಯ ಚಿತ್ರಕ್ಕೆ ಬಂದು ನಿಂತರು.

"ಇದಕ್ಕೆ ಮೇಲ್ವಿಚಾರಣೆ ಯಾರದು?"

"ಕಲ್ಮಠ ಸರ್ ಅವರದು."

"ಪಕ್ಕದಲ್ಲಿ ನಿಂತಿದ್ದರಾ?"

"ಇಲ್ರಿ. ನೆಲದ ಮ್ಯಾಲೆ ಬಿದ್ದಿದ್ರು."

ಪರೀಕ್ಷಕರು ಆ ಚಿತ್ರಕ್ಕೆ ಗುರುತು ಹಾಕಿದರು. ಆಮೇಲೆ ರೋಗಿಯ ಮೇಲೆ ಪರೀಕ್ಷೆ ಮಾಡಿಸಿ ಪತ್ರಕ್ಕೆ ಸಹಿ ಹಾಕಿದರು.

ನನ್ನ ಹರಳುಗಳು ಒಂದೊಂದಾಗಿ ಸತ್ತವು. ತಂತಿ ಕತ್ತರಿಸಿ ನನ್ನನ್ನು ತರಬೇತಿ ಕೋಣೆಯಲ್ಲಿ ಇಟ್ಟಿದ್ದಾರೆ. ಹೊಸ ವೈದ್ಯರು ನಿಜವಾದ ಪ್ರೋಬ್ ಮುಟ್ಟುವ ಮೊದಲು ನನ್ನನ್ನು ಹಿಡಿದು ಕೈ ಹದ ಮಾಡಿಕೊಳ್ಳುತ್ತಾರೆ. ಕಲಿಸುವವಳು ನೀಲಗಂಗಾ. ಮಲಗುವವನು ದ್ಯಾಮಣ್ಣ. ಅವನು ಈಗ ಭಾರದ ಚೀಲ ಎತ್ತಲಾರ. ಮಾರುಕಟ್ಟೆಯ ತಕ್ಕಡಿಯ ಬಳಿ ಕೆಲಸ. ಅಣ್ಣ ಜೈಲಿನಲ್ಲಿದ್ದಾನೆ. ಪಾಠವಿರುವ ದಿನ ದ್ಯಾಮಣ್ಣ ಯಾರೂ ಕರೆಯದೆಯೇ ಬಂದು, ಅಂಗಿ ಬಿಚ್ಚಿ, ಗೋಡೆಯ ಮೇಲಿನ ಕಲ್ಮಠರ ಪಟಕ್ಕೆ ಮುಖ ಎತ್ತಲಾರದೆ ಎಡಮಗ್ಗುಲಾಗಿ ಮಲಗುತ್ತಾನೆ.

"ಸಾವಕಾಶ ಒತ್ರಿ ಡಾಕ್ಟರೇ," ಎಂದು ಹೊಸಬರಿಗೆ ಹೇಳುತ್ತಾನೆ. "ಒಮ್ಮೆ ಮುರದ ಎಲುಬೈತಿ ಅದು."

ನಾನೀಗ ಕೂಗಲಾರೆ. ನನಗೆ ಏನೂ ಕೇಳಿಸುವುದಿಲ್ಲ. ಆದರೆ ಅವನ ಎದೆಯ ಗಾಯದ ಗೆರೆಯ ಪಕ್ಕ ನನ್ನನ್ನು ಇಟ್ಟಾಗ, ಒಳಗಿನಿಂದ ಏನೋ ಬಂದು ನನ್ನನ್ನು ಗುದ್ದುತ್ತದೆ. ಮತ್ತೆ ಗುದ್ದುತ್ತದೆ. ಕುಲುಮೆ, ಗರಗಸ, ನೆಲ, ಎಲ್ಲದರ ಏಟೂ ತಿಂದವನು ನಾನು. ಈ ಒಂದು ಏಟು ನಿಲ್ಲದಿರಲೆಂದು ಭಗವಂತನನ್ನು ಬೇಡುತ್ತೇನೆ.