ಹೊಳೆಯಲ್ಲಿ ತೊಳೆದ ಗೆಡ್ಡೆ

ಜಪಾನಿನ ಯಾಮಗಾತಾದಲ್ಲಿ ಅಕ್ಟೋಬರ್ ಬಂತೆಂದರೆ ಹೊಳೆಯ ದಂಡೆಯುದ್ದಕ್ಕೂ ಹೊಗೆ. ಮನೆಯವರು, ಆಫೀಸಿನವರು, ಕಾಲೇಜು ಹಾಸ್ಟೆಲಿನವರು ಎಲ್ಲರೂ ಕಲ್ಲು ಹೂಡಿ, ಹಂಡೆಯಂಥ ಪಾತ್ರೆ ಇಟ್ಟು, ಕೆಸುವಿನ ಗೆಡ್ಡೆಯ ಸಾರು ಕುದಿಸಲೇಬೇಕು. ಇಮೋನಿ ಎಂಬ ಆ ಸಾರು ಉಣ್ಣದೆ ಚಳಿಗಾಲಕ್ಕೆ ಕಾಲಿಟ್ಟವನು ಆ ಊರಿನವನೇ ಅಲ್ಲ. ಈ ಸಲ ಹಾಸ್ಟೆಲಿನ ನಲವತ್ತು ಹುಡುಗರ ಅಡುಗೆಯ ಹೊಣೆ ತೊಶಿಯಾನ ಕೊರಳಿಗೆ ಬಿದ್ದಿತ್ತು. ಬೇಡವೆಂದು ಹೇಳಿ ನೋಡಿದ್ದ. ಸರದಿ ಮೂರನೆಯ ವರ್ಷದವರದು, ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

ಹೋದ ವರ್ಷದ ಅಡುಗೆಯ ದಿನ ಇದೇ ಹೊಳೆಯ ಪಾಲಾದ ಹುಡುಗ ರೆಂತಾನ ತಂದೆ ಮಸುದಾರಿಗೂ ವಾರ್ಡನ್ ಒಂದು ಕರೆಯೋಲೆ ಹಾಕಿದ್ದರು. ಮರ್ಯಾದೆಗೆ ಕರೆಯುವುದು, ಮರ್ಯಾದೆಗೆ ಬಾರದಿರುವುದು ಅಲ್ಲಿನ ರಿವಾಜು. ಆದರೆ ಮಸುದಾ ಬಂದೇಬಿಟ್ಟರು. ಕಡಲ ಕಡೆಯ ತಮ್ಮ ಹೊಲದ ಗೆಡ್ಡೆಯ ಮೂಟೆಯೊಂದನ್ನು ಹೆಗಲ ಮೇಲೆ ಹೊತ್ತು ದಂಡೆಗಿಳಿದು, ಮೂಟೆಯನ್ನು ಕೆಳಗಿಟ್ಟು, ನಡು ಮುರಿಯುವಷ್ಟು ಬಾಗಿದರು. ತಮ್ಮ ಮಗ ಎಲ್ಲರಿಗೂ ತೊಂದರೆ ಕೊಟ್ಟ, ಹಾಸ್ಟೆಲಿನ ಹೆಸರು ಕೆಡಿಸಿದ, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದರು. ಹುಡುಗರು ಏನು ಮಾಡಬೇಕೆಂದು ತಿಳಿಯದೆ ತಾವೂ ಬಾಗಿದರು.

ತೊಶಿಯಾ ಮಾತ್ರ ಒಲೆಯ ಕಲ್ಲು ಸರಿಮಾಡುವವನಂತೆ ಮುಖ ತಗ್ಗಿಸಿಕೊಂಡೇ ಇದ್ದ.

ಮಸುದಾ ಅವನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಗೆಡ್ಡೆ ಹೆರೆಯತೊಡಗಿದರು. ಅಂಟಂಟು ಲೋಳೆ, ಕೈಗೆಲ್ಲ ತುರಿಕೆ. ದನದ ಮಾಂಸದ ಬುಟ್ಟಿ ಕಂಡು ಅವರ ಮುಖ ಕೊಂಚ ಸಡಿಲವಾಯಿತು.

"ನಮ್ಮ ಕಡೆ ಹಂದಿ ಮಾಂಸ, ಮಿಸೋ ಗೊಜ್ಜು. ನೀವು ದನದ್ದು ಹಾಕಿ ಸೋಯಾ ನೀರು ಸುರೀತೀರಿ. ಇದನ್ನೂ ಇಮೋನಿ ಅಂತ ಕರೀತಾರಪ್ಪ ಅಂತ ನಮ್ಮ ಹುಡುಗ ಫೋನಲ್ಲಿ ನಗ್ತಿದ್ದ."

"ನಮ್ಮೆದುರಿಗೂ ಅಂದಿದ್ದ," ಎಂದ ತೊಶಿಯಾ. "ಹಂದಿ ತಿನ್ನೋನು ಹಂದಿ ಜೊತೇನೇ ಮಲಗು ಅಂತ ರೇಗಿಸ್ತಿದ್ವಿ."

ಮಸುದಾ ನಕ್ಕರು. ಆ ನಗು ತೊಶಿಯಾನಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಹೋದ ವರ್ಷ ಗೆಡ್ಡೆಯ ಉಸ್ತುವಾರಿ ಅವನದೇ. ಬಿರುಗಾಳಿ ಮಳೆ ನಿಂತು ಎರಡು ದಿನವಾಗಿತ್ತು, ಹೊಳೆ ಕೆಂಪಗೆ ಉಕ್ಕುತ್ತಿತ್ತು. ದಂಡೆಯ ಮೇಲೆ ನಲ್ಲಿ ಇತ್ತು. ಗೆಡ್ಡೆಯನ್ನು ಅಲ್ಲೇ ತೊಳೆಯಬೇಕೆಂದು ವಾರ್ಡನ್ ಬರೆದು ಅಂಟಿಸಿಯೂ ಇದ್ದರು. ಆದರೆ ಹೊಸಬರು ಹೊಳೆಗಿಳಿದು ತೊಳೆಯುವುದು ಹಳೆಯ ಪದ್ಧತಿ. ತೊಶಿಯಾ ತೊಳೆದಿದ್ದ, ಅವನ ಹಿರಿಯರೂ ತೊಳೆದಿದ್ದರು. ರೆಂತಾ ನೀರು ನೋಡಿ ಹಿಂದೆಗೆದಾಗ, ನಲ್ಲಿ ನೀರಿಗೆ ರುಚಿ ಬರಲ್ಲ, ಇಳಿಯೋ ಎಂದವನು ಅವನೇ. ಬುಟ್ಟಿ ಮೊದಲು ಹೋಯಿತು, ಅದನ್ನು ಹಿಡಿಯಲು ಹೋಗಿ ಹುಡುಗ ಹೋದ. ಹೆಣ ಸಿಕ್ಕಿದ್ದು ನಾಲ್ಕನೆಯ ದಿನ. ಅಷ್ಟರೊಳಗೆ ಕೊನೆಯ ವರ್ಷದ ಇಗಾರಾಶಿ ಎಲ್ಲರನ್ನೂ ಒಂದು ಕೋಣೆಗೆ ಸೇರಿಸಿ ಮಾತು ಕಟ್ಟಿಕೊಟ್ಟಿದ್ದ: ರೆಂತಾ ಕದ್ದು ಕುಡಿದಿದ್ದ, ಯಾರಿಗೂ ಹೇಳದೆ ನೀರಿಗಿಳಿದ. ಸತ್ತವನು ಸತ್ತ, ಇರುವವರು ಬದುಕಬೇಡವೇ ಎಂದಿದ್ದ. ಎಲ್ಲರೂ ಒಂದೇ ಮಾತು ಹೇಳಿದ್ದರಿಂದ ಪೊಲೀಸರೂ ಕೆದಕಲಿಲ್ಲ.

ತೊಶಿಯಾನೂ ಚಾಕು ಹಿಡಿದು ಹೆರೆಯತೊಡಗಿದ ಮೇಲೆ ಗೆಡ್ಡೆ ಮುಗಿಯುತ್ತ ಬಂತು. ಹೊಸ ಹುಡುಗರು ನಲ್ಲಿಯ ಕೆಳಗೆ ತೊಳೆಯುತ್ತಿದ್ದರು. ಅವರನ್ನೇ ನೋಡುತ್ತ ಮಸುದಾ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು:

"ಅವರಮ್ಮ ಅವನ ಫೋಟೋ ಮುಂದೆ ಇವತ್ತಿನ ತನಕ ಒಂದು ಹಿಡಿ ಅನ್ನ ಇಟ್ಟಿಲ್ಲ. ಅವಳಪ್ಪ ಕುಡಿದೇ ಹೋದದ್ದು. ಹೊಟ್ಟೇಲಿ ಹುಟ್ಟಿದೋನೂ ಹಂಗೇ ಹೋದ, ಅವನಿಗ್ಯಾಕೆ ಅನ್ನ ಅಂತಾಳೆ. ನಾನೂ ಸುಮ್ನಾಗಿದೀನಿ. ಏನಂತ ಹೇಳ್ಲಿ?"

ತೊಶಿಯಾನ ಕೈಯಲ್ಲಿ ಚಾಕು ನಿಂತಿತು. ದೂರದಲ್ಲಿ ಅವನ ಜೊತೆಗಾರರಿಬ್ಬರು ಸೌದೆ ಸೀಳುತ್ತಿದ್ದವರು ಇತ್ತಲೇ ನೋಡುತ್ತಿದ್ದರು. ಬೇಡವೆಂಬಂತೆ ಒಬ್ಬ ಮೆಲ್ಲಗೆ ತಲೆಯಾಡಿಸಿದ.

"ಅವನು ಕುಡಿದಿರಲಿಲ್ಲ," ಎಂದ ತೊಶಿಯಾ.

ಮಸುದಾ ಹೆರೆಯುತ್ತಲೇ ಇದ್ದರು, ಕಿವಿಗೆ ಬೀಳಲಿಲ್ಲವೋ ಎಂಬಂತೆ. ಅವನು ಮಿಕ್ಕದ್ದೆಲ್ಲವನ್ನೂ ಹೇಳಿದ. ಉಕ್ಕಿದ ನೀರು, ನಲ್ಲಿ, ಬುಟ್ಟಿ, ತಾನು ಆಡಿದ ಮಾತು, ಆಮೇಲೆ ಕೋಣೆಯೊಳಗೆ ಕಟ್ಟಿದ ಮಾತು. ಹೇಳಿ ಕಲ್ಲಿನ ಮೇಲೆ ಹಣೆಯಿಟ್ಟ.

"ಒಂದು ತೊಟ್ಟೂ?"

"ಒಂದು ತೊಟ್ಟೂ ಇಲ್ಲ."

"ಹೆದರಿದ್ನಾ?"

ಈ ಪ್ರಶ್ನೆಗೆ ಅವನು ಸಿದ್ಧನಿರಲಿಲ್ಲ. "ಹೆದರಿದ್ದ," ಎಂದ.

ಮಸುದಾ ಎದ್ದು ನಿಂತರು. ಹೊಡೆಯುತ್ತಾರೆಂದುಕೊಂಡ, ಹೊಡೆಯಲಿ ಎಂದೂ ಅಂದುಕೊಂಡ. ಅವರು ಕೈಯ ಲೋಳೆಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ನಿಮ್ಮ ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಬಗ್ಗಿ ಬಂದೆ," ಎಂದರು. "ನಿಮ್ಮಮ್ಮ ಟೀ ಕೊಟ್ಟಳು. ಪಾಪ, ಒಳ್ಳೆಯವಳು." ದನಿ ಏರಲಿಲ್ಲ. ಜೇಬಿನಿಂದ ಫೋನ್ ತೆಗೆದು ನಂಬರು ಒತ್ತಿ ಅವನ ಮುಂದೆ ಹಿಡಿದರು.

"ನನ್ನ ಕೈಲಿ ಹೇಳಕ್ಕಾಗಲ್ಲ. ಅವರಮ್ಮನಿಗೆ ನೀನೇ ಹೇಳು."

ತೊಶಿಯಾ ಫೋನನ್ನು ಕಿವಿಗಿಟ್ಟುಕೊಂಡ. ಅತ್ತ ಗಂಟೆ ಹೊಡೆಯಿತು, ಮತ್ತೆ ಹೊಡೆಯಿತು. ಆಮೇಲೆ ಗಂಡನೇ ಎಂದುಕೊಂಡು ಹೆಂಗಸೊಬ್ಬಳು ಕೇಳಿದಳು:

"ಏನ್ರೀ, ಗೆಡ್ಡೆ ಮೆತ್ತಗೆ ಬೆಂತಾ?"